ಪತ್ರಾಗಾರದ ಬಾಗಿಲು ಮುಚ್ಚಿದ್ದಾಗ ಬರೆದ ಚರಿತ್ರೆ: ಅನತೋಲಿ ಲೆವಿತಿನ್-ಕ್ರಾಸ್ನೋವ್

ಸ್ನೇಹಿತರೇ,

ಚರಿತ್ರೆ ಬರೆಯುವವರು ಮೊದಲು ಹುಡುಕುವುದು ದಾಖಲೆ. ದಾಖಲೆಗಳೆಲ್ಲ ಪೊಲೀಸರ ಬೀರುವಿನಲ್ಲಿದ್ದರೆ? ಸಾಕ್ಷಿಗಳಲ್ಲಿ ಅರ್ಧ ಜನ ಗುಂಡಿಗೆ ಬಲಿಯಾಗಿ, ಉಳಿದವರು ಬಾಯಿ ಬಿಡಲು ಹೆದರುತ್ತಿದ್ದರೆ? 1920ರ ದಶಕದ ರಷ್ಯನ್ ಚರ್ಚಿನ ಒಡಕಿನ ಚರಿತ್ರೆಯನ್ನು ಅನತೋಲಿ ಲೆವಿತಿನ್ ಬರೆದದ್ದು ಇಂಥ ಸ್ಥಿತಿಯಲ್ಲಿ. ಕ್ರಾಸ್ನೋವ್ ಎಂಬುದು ಅವರ ಬರಹದ ಹೆಸರು. ಮುಂದೆ ಎರಡೂ ಕೂಡಿ ಲೆವಿತಿನ್-ಕ್ರಾಸ್ನೋವ್ ಎಂದೇ ಪ್ರಸಿದ್ಧರಾದರು.

ಹುಟ್ಟಿದ್ದು 1915ರ ಸೆಪ್ಟೆಂಬರಿನಲ್ಲಿ, ಬಾಕುವಿನಲ್ಲಿ. ತಂದೆ ಯಹೂದಿ ಮೂಲದವರು, ಕ್ರೈಸ್ತ ದೀಕ್ಷೆ ಪಡೆದವರು. ಹುಡುಗ ಬೆಳೆದದ್ದು ಪೆತ್ರೊಗ್ರಾದಿನಲ್ಲಿ, ಚರ್ಚಿನ ಜಗಳ ಬೀದಿಗೆ ಬಿದ್ದಿದ್ದ ವರ್ಷಗಳಲ್ಲಿ. ಆ ಜಗಳ ಅರ್ಥವಾಗದೆ ಲೆವಿತಿನ್ ಅರ್ಥವಾಗುವುದಿಲ್ಲ. ಹಾಗಾಗಿ ಅದನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ.

1922ರ ಫೆಬ್ರವರಿ 23ರಂದು ಸೋವಿಯತ್ ಸರ್ಕಾರ, ಬರಗಾಲದ ಪರಿಹಾರಕ್ಕೆಂದು ಚರ್ಚುಗಳ ಬೆಳ್ಳಿಬಂಗಾರ ವಶಪಡಿಸಿಕೊಳ್ಳುವ ಆಜ್ಞೆ ಹೊರಡಿಸಿತು. ಪೂಜೆಗೆ ಮೀಸಲಾದ ಪಾತ್ರೆಗಳನ್ನು ಕೊಡಲಾಗದು ಎಂದು ರಷ್ಯನ್ ಚರ್ಚಿನ ಮುಖ್ಯಸ್ಥ, ಪೇಟ್ರಿಯಾರ್ಕ್ ತೀಖೋನ್ ಹೇಳಿದರು. ಮೇ ತಿಂಗಳಿಗೆ ಅವರನ್ನು ಗೃಹಬಂಧನದಲ್ಲಿಟ್ಟಾಗಿತ್ತು. ಮೇ 12ರ ರಾತ್ರಿ ಅಲೆಕ್ಸಾಂದರ್ ವ್ವೆದೆನ್ಸ್ಕಿ ಮೊದಲಾದ ಸುಧಾರಣಾವಾದಿ ಪಾದ್ರಿಗಳ ಒಂದು ಸಣ್ಣ ಗುಂಪು ಅವರ ನಿವಾಸಕ್ಕೆ ಬಂದು, ಅಧಿಕಾರ ಬಿಟ್ಟುಕೊಡಿ ಎಂದು ಒತ್ತಾಯಿಸಿತು. ತಾವು ಬಂಧನದಲ್ಲಿರುವಷ್ಟು ಕಾಲ ಹೊಣೆಯನ್ನು ಬೇರೊಬ್ಬ ಹಿರಿಯ ಧರ್ಮಾಧಿಕಾರಿಗೆ ಒಪ್ಪಿಸಲು ತೀಖೋನ್ ಒಪ್ಪಿದರು. ಮೇ 18ರಂದು ಪಾದ್ರಿಗಳು ಮತ್ತೆ ಬಂದರು. ಅವರ ಅರ್ಜಿಯ ಮೇಲೆ ತೀಖೋನ್ ಬರೆದ ಒಕ್ಕಣೆಯ ತಾತ್ಪರ್ಯ ಇಷ್ಟೇ: ಆ ಹಿರಿಯ ಧರ್ಮಾಧಿಕಾರಿ, ಅಂದರೆ ಮೆಟ್ರೊಪಾಲಿಟನ್ (ಹಿರಿಯ ಬಿಷಪ್) ಅಗಫಾಂಗೆಲ್ ಮಾಸ್ಕೋಗೆ ಬಂದಾಗ, ಕಚೇರಿಯ ಕಾಗದಪತ್ರಗಳನ್ನು ಇವರು ಅವರಿಗೆ ಒಪ್ಪಿಸಬೇಕು.

ಅಂದರೆ ಬೀಗದ ಕೈ ತಲುಪಿಸುವ ಕೆಲಸ, ಅಷ್ಟೇ. ಅತ್ತ ಅಗಫಾಂಗೆಲ್ ಯಾರೊಸ್ಲಾವ್ಲ್ ಬಿಟ್ಟು ಹೊರಡದಂತೆ ಅಧಿಕಾರಿಗಳು ತಡೆದರು. ಇತ್ತ ಬೀಗದ ಕೈ ಹಿಡಿದವರು, ಮನೆಯೇ ನಮ್ಮದು ಎಂದು ಘೋಷಿಸಿಕೊಂಡರು. 'ನವೀಕರಣವಾದಿ' ಚರ್ಚು ಹುಟ್ಟಿದ್ದು ಹೀಗೆ. ಒಂದು ಒಕ್ಕಣೆಯನ್ನು ಹೇಗೆ ಓದಬೇಕು ಎಂಬ ಪ್ರಶ್ನೆಯ ಮೇಲೆ ಕೋಟ್ಯಂತರ ಭಕ್ತರ ಚರ್ಚು ಸೀಳಿಹೋಯಿತು. ಆ ಬೇಸಿಗೆಯಲ್ಲೇ ಪೆತ್ರೊಗ್ರಾದಿನ ಮೆಟ್ರೊಪಾಲಿಟನ್ ವೆನಿಯಮಿನ್ ಅವರನ್ನು ವಿಚಾರಣೆಗೆ ಗುರಿಪಡಿಸಿ, ಆಗಸ್ಟಿನಲ್ಲಿ ಗುಂಡಿಕ್ಕಿ ಕೊಂದರು.

ಲೆವಿತಿನ್ ಈ ಸುಧಾರಕರ ಕಡೆಗೆ ಒಲಿದರು. ಪ್ರಾಣ ಉಳಿಸಿಕೊಳ್ಳುವ ಲೆಕ್ಕಾಚಾರ ಅದಲ್ಲ. ಕ್ರೈಸ್ತಧರ್ಮಕ್ಕೂ ಸಮಾಜವಾದಕ್ಕೂ ನಂಟಿದೆ ಎಂದು ಅವರು ಕೊನೆಯವರೆಗೂ ನಂಬಿದ್ದರು. ವ್ವೆದೆನ್ಸ್ಕಿಯವರ ಮಾತಿನ ಮೋಡಿಯೂ ಅವರನ್ನು ಸೆಳೆದಿತ್ತು. 1940ರಲ್ಲಿ ಲೆನಿನ್‌ಗ್ರಾದಿನ (ಪೆತ್ರೊಗ್ರಾದಿಗೇ ಆಗ ಇದ್ದ ಹೆಸರು) ಗೆರ್ತ್ಸೆನ್ ಶಿಕ್ಷಕರ ಸಂಸ್ಥೆಯಲ್ಲಿ ಪದವಿ ಪಡೆದರು. ಯುದ್ಧಕಾಲದಲ್ಲಿ, 1943ರಲ್ಲಿ, ಉಲ್ಯಾನೊವ್ಸ್ಕ್‌ನಲ್ಲಿ ವ್ವೆದೆನ್ಸ್ಕಿಯವರ ಕೈಯಿಂದಲೇ ಡೀಕನ್ (ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನ ಪದವಿ) ದೀಕ್ಷೆ ತೆಗೆದುಕೊಂಡರು. ಅದೇ ಸೆಪ್ಟೆಂಬರ್ 4ರಂದು ಸ್ಟಾಲಿನ್ ಪೇಟ್ರಿಯಾರ್ಕ್ ಪಕ್ಷದ ಮೂವರು ಮೆಟ್ರೊಪಾಲಿಟನ್‌ಗಳನ್ನು ಕ್ರೆಮ್ಲಿನ್‌ಗೆ ಕರೆಸಿಕೊಂಡರು. ಸರ್ಕಾರಕ್ಕೆ ನವೀಕರಣವಾದಿಗಳು ಇನ್ನು ಬೇಕಿರಲಿಲ್ಲ. ಕರಿಬೇವಿನೆಲೆಯ ಹಾಗೆ ಅವರನ್ನು ಎತ್ತಿ ಬದಿಗಿಟ್ಟರು. ಮರುವರ್ಷ ಲೆವಿತಿನ್ ಪಶ್ಚಾತ್ತಾಪ ಹೇಳಿಕೊಂಡು ಮೂಲ ಚರ್ಚಿಗೆ ಮರಳಿದರು. ಪಡೆದ ದೀಕ್ಷೆಗೆ ಅಲ್ಲಿ ಮಾನ್ಯತೆ ಸಿಗಲಿಲ್ಲ, ಅವರು ಸಾಮಾನ್ಯ ಭಕ್ತರಾಗಿಯೇ ಉಳಿದರು. ಸೋತ ಪಕ್ಷವನ್ನು ಒಳಗಿನಿಂದ ಬಲ್ಲ, ಗೆದ್ದ ಪಕ್ಷದಲ್ಲಿ ಯಾವ ಪದವಿಯೂ ಇಲ್ಲದ ಮನುಷ್ಯ. ಈ ಜಾಗದಲ್ಲಿ ನಿಂತದ್ದರಿಂದಲೇ ಅವರಿಗೆ ಎರಡೂ ಕಡೆ ಕಂಡಿತು ಎಂದು ನಾನು ನಂಬುತ್ತೇನೆ.

1949ರಲ್ಲಿ ಬಂಧನ, ಹತ್ತು ವರ್ಷದ ಶಿಕ್ಷೆ. ಬಿಡುಗಡೆಯಾದದ್ದು 1956ರಲ್ಲಿ. ಶಿಬಿರದಲ್ಲಿ ಸಿಕ್ಕ ಗೆಳೆಯ ವಾದಿಮ್ ಶಾವ್ರೊವ್ ಮುಂದೆ ಸಹಲೇಖಕರಾದರು. ಇಬ್ಬರೂ ಸೇರಿ ರಷ್ಯನ್ ಚರ್ಚಿನ ಒಳಕಲಹದ ಚರಿತ್ರೆ ಬರೆಯಲು ಕೂತರು. ಬಳಸಿದ್ದು ಅಂದಿನ ದಿನಪತ್ರಿಕೆಗಳು, ನವೀಕರಣವಾದಿಗಳೇ ಹೊರಡಿಸುತ್ತಿದ್ದ ನಿಯತಕಾಲಿಕೆಗಳು, ಬದುಕುಳಿದವರ ಬಾಯಿಮಾತು, ಇವೆಲ್ಲಕ್ಕಿಂತ ಹೆಚ್ಚಾಗಿ ಲೆವಿತಿನ್ ಅವರ ಜ್ಞಾಪಕಶಕ್ತಿ.

ಇಂಥ ಪುಸ್ತಕ ಅಚ್ಚಿಗೆ ಹೋಗುವ ಮಾತೇ ಇರಲಿಲ್ಲ. ಉಳಿದ ದಾರಿ ಸಮಿಜ್ದಾತ್, ಅಂದರೆ ಸ್ವಂತ ಪ್ರಕಟಣೆ. ಹಾಗೆಂದರೆ ನಿಜವಾಗಿ ಎಷ್ಟು ದುಡಿಮೆ ಎಂದು ಗೊತ್ತಾಗಬೇಕು. ಬೆರಳಚ್ಚು ಯಂತ್ರಕ್ಕೆ ಕಾಗದ, ಕಾರ್ಬನ್, ಕಾಗದ, ಕಾರ್ಬನ್ ಎಂದು ಪೇರಿಸಿ ಹಾಕುತ್ತಿದ್ದರು. ಸಾಧಾರಣ ಕಾಗದವಾದರೆ ನಾಲ್ಕೈದು ಪ್ರತಿ ಓದುವಂತೆ ಬರುತ್ತವೆ. ಹೆಚ್ಚು ಬೇಕೆಂದರೆ ಸಿಗರೇಟು ಸುತ್ತುವಂಥ ತೆಳು ಕಾಗದವೇ ಗತಿ. ಕಡೆಯ ಹಾಳೆಗೂ ಅಕ್ಷರ ಮೂಡಬೇಕಾದರೆ ಕೀಲಿಯನ್ನು ಬಲವಾಗಿ ಕುಟ್ಟಬೇಕು. ಕುಟ್ಟಿದರೆ ಮೇಲಿನ ಹಾಳೆಯಲ್ಲಿ 'ಒ' ಅಕ್ಷರದ ದುಂಡು ಕತ್ತರಿಸಿಹೋಗಿ ತೂತು ಬೀಳುತ್ತದೆ. ಮೆಲ್ಲಗೆ ಹೊಡೆದರೆ ಕೆಳಗಿನ ಪ್ರತಿಯಲ್ಲಿ ಬರೀ ನೀಲಿ ಮಂಜು. ಆ ಮಂಜಿನಲ್ಲಿ ರಷ್ಯನ್ ಲಿಪಿಯ 'ಇ', 'ನ', 'ಪ' ಅಕ್ಷರಗಳು ಒಂದೇ ಥರ ಕಾಣುತ್ತವೆ, ಮೂರೂ ಎರಡು ಕಂಬ ಒಂದು ಅಡ್ಡಗೆರೆಯ ಅಕ್ಷರಗಳು. ಅಂಕಿಗಳಲ್ಲಿ 3 ಮತ್ತು 8ರದೂ ಇದೇ ಪಾಡು. ಚರಿತ್ರೆಯ ಪುಸ್ತಕದಲ್ಲಿ 1923 ಎಂಬುದು 1928 ಆದರೆ ಏನಾಗುತ್ತದೆಂದು ಯೋಚಿಸಿ. ಮಸುಕು ಪ್ರತಿ ಸಿಕ್ಕವರು ಅದನ್ನೇ ನೋಡಿಕೊಂಡು ಮತ್ತೆ ಕುಟ್ಟುತ್ತಿದ್ದರು, ತಪ್ಪು ಮುಂದಿನ ತಲೆಮಾರಿನ ಪ್ರತಿಗೆ ಇಳಿಯುತ್ತಿತ್ತು. ಓಲೆಗರಿಗಳ ಪಾಠಾಂತರ, ಲಿಪಿಕಾರರ ಸ್ಖಾಲಿತ್ಯ ಇವುಗಳೊಡನೆ ಗುದ್ದಾಡಿದ ನಮ್ಮ ಗ್ರಂಥಸಂಪಾದಕರಿಗೆ ಈ ತೊಂದರೆಯನ್ನು ಬಿಡಿಸಿ ಹೇಳಬೇಕಿಲ್ಲ. ಇಪ್ಪತ್ತನೇ ಶತಮಾನದ ನಡುವೆ, ಮುದ್ರಣಾಲಯಗಳಿದ್ದ ದೇಶದಲ್ಲಿ ಹಾಗಾಯಿತು ಎಂಬುದೇ ಸಂಕಟದ ವಿಷಯ.

ಸಾವಿರ ಪುಟದ ಕೃತಿಗೆ ಐದು ಪ್ರತಿ ಎಂದರೆ ಐದು ಸಾವಿರ ಹಾಳೆ. ದಿನಕ್ಕೆ ಹತ್ತು ಪುಟ ಕುಟ್ಟಿದರೆ ನೂರು ದಿನ. ಅಷ್ಟೂ ದಿನ ಟಕಟಕ ಸದ್ದು ಪಕ್ಕದ ಮನೆಯವರ ಕಿವಿಗೆ ಬೀಳುತ್ತಿರುತ್ತದೆ. ಪ್ರತಿ ಯಂತ್ರದ ಅಕ್ಷರಕ್ಕೂ ಅದರದೇ ಸೊಟ್ಟು, ಸವೆತ ಇರುವುದರಿಂದ ಹಾಳೆ ಸಿಕ್ಕರೆ ಯಂತ್ರ ಪತ್ತೆ, ಯಂತ್ರ ಸಿಕ್ಕರೆ ಮನುಷ್ಯ ಪತ್ತೆ.

ಇದರ ಜೊತೆಗೆ ಲೆವಿತಿನ್ ಅಂದಂದಿನ ವಿಷಯಕ್ಕೂ ಬರೆಯುತ್ತಿದ್ದರು. ಕ್ರುಶ್ಚೋವ್ ಕಾಲದಲ್ಲಿ, 1958ರಿಂದ 1964ರ ನಡುವೆ, ತೆರೆದಿದ್ದ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮುಚ್ಚಿದವು. ಪೊಚಾಯೆವ್ ಮಠದ ಸನ್ಯಾಸಿಗಳನ್ನು ಪೊಲೀಸರು ಹಿಂಸಿಸಿ ಹೊರಗಟ್ಟುತ್ತಿದ್ದಾಗ ಅವರ ಪರವಾಗಿ ಬರೆದರು. ನಾಸ್ತಿಕ ಪ್ರಚಾರ ಪತ್ರಿಕೆಗಳ ಲೇಖನಗಳಿಗೆ ಸಾಲು ಸಾಲಾಗಿ ಉತ್ತರ ಕೊಟ್ಟರು. ಈ ನಡುವೆ ಶಾಲೆಯ ಮೇಷ್ಟರ ಕೆಲಸ ಹೋಯಿತು. 1969ರ ಮೇ ತಿಂಗಳಲ್ಲಿ ಮಾನವ ಹಕ್ಕುಗಳ ರಕ್ಷಣೆಗಾಗಿ ಹುಟ್ಟಿದ ಇನಿಷಿಯೇಟಿವ್ ಗ್ರೂಪ್‌ನ ಹದಿನೈದು ಮಂದಿ ಸ್ಥಾಪಕರಲ್ಲಿ ಇವರೂ ಒಬ್ಬರು. ಆ ಗುಂಪು ನೇರವಾಗಿ ವಿಶ್ವಸಂಸ್ಥೆಗೆ ಪತ್ರ ಬರೆಯಿತು. ನಂಬಿಕೆಯ ಸ್ವಾತಂತ್ರ್ಯ ಆಸ್ತಿಕರಿಗಷ್ಟೇ ಮೀಸಲಲ್ಲ ಎಂಬ ನಿಲುವಿನಿಂದ ಲೆವಿತಿನ್ ಧರ್ಮದ ಗೊಡವೆಯಿಲ್ಲದ ಭಿನ್ನಮತೀಯರ ಪರವಾಗಿಯೂ ನಿಂತರು, ಜನರಲ್ ಗ್ರಿಗೊರೆಂಕೊ ಬಂಧನವಾದಾಗ ಅವರ ಬಗ್ಗೆಯೂ ಬರೆದರು.

ಆ ಸೆಪ್ಟೆಂಬರಿನಲ್ಲೇ ಬಂಧನ. 1970ರ ಆಗಸ್ಟಿನಲ್ಲಿ ಬಿಟ್ಟು, 1971ರ ಮೇ ತಿಂಗಳಲ್ಲಿ ಮೂರು ವರ್ಷದ ಶಿಕ್ಷೆ ಕೊಟ್ಟರು. ದಂಡಸಂಹಿತೆಗೆ 1966ರಲ್ಲಿ ಸೇರಿಸಿದ 190-1ನೇ ವಿಧಿಯಡಿ ಗರಿಷ್ಠ ಶಿಕ್ಷೆಯೇ ಮೂರು ವರ್ಷ. 'ಸೋವಿಯತ್ ವ್ಯವಸ್ಥೆಗೆ ಕಳಂಕ ತರುವ, ಸುಳ್ಳೆಂದು ಗೊತ್ತಿದ್ದೂ ಹರಡಿದ ಮಾತು' ಎಂಬುದು ಆ ವಿಧಿಯ ಒಕ್ಕಣೆ. ಬರೆದದ್ದು ಸುಳ್ಳು, ಸುಳ್ಳೆಂದು ಬರೆದವರಿಗೆ ಗೊತ್ತಿತ್ತು ಎಂಬ ಎರಡನ್ನೂ ಕಾನೂನಿನ ಪ್ರಕಾರ ಸಾಬೀತುಮಾಡಬೇಕು. ಇಂಥ ಮೊಕದ್ದಮೆಗಳಲ್ಲಿ ನ್ಯಾಯಾಲಯಗಳು ಆ ಗೋಜಿಗೆ ಹೋಗುತ್ತಿರಲಿಲ್ಲ.

1973ರಲ್ಲಿ ಹೊರಬಂದು, ಮರುವರ್ಷ ದೇಶ ಬಿಟ್ಟು ಸ್ವಿಟ್ಜರ್ಲೆಂಡಿನ ಲುಸರ್ನ್‌ನಲ್ಲಿ ನೆಲೆಸಿದರು. ಒಳಕಲಹದ ಚರಿತ್ರೆ ಮೂರು ಸಂಪುಟಗಳಲ್ಲಿ ಅಚ್ಚಾದದ್ದು ಆ ದೇಶದಲ್ಲೇ, ಎಪ್ಪತ್ತರ ದಶಕದ ಕೊನೆಗೆ. ಆತ್ಮಕಥೆಯ ಸಂಪುಟಗಳೂ ಒಂದರ ಹಿಂದೊಂದು ಬಂದವು.

ಈಗ ಆ ಚರಿತ್ರೆಯ ದೋಷಗಳನ್ನೂ ಹೇಳಬೇಕು, ಮುಚ್ಚಿಟ್ಟರೆ ಅವರಿಗೇ ಅನ್ಯಾಯ. ವ್ವೆದೆನ್ಸ್ಕಿಯವರ ಬಗ್ಗೆ ಬರೆಯುವಾಗ ಶಿಷ್ಯನ ಪ್ರೀತಿ ಲೇಖನಿಯನ್ನು ಎಳೆಯುತ್ತದೆ. ಎಷ್ಟೋ ವರ್ಷ ಹಿಂದಿನ ಸಂಭಾಷಣೆಗಳು ಉದ್ಧರಣ ಚಿಹ್ನೆಯೊಳಗೆ ಬರುತ್ತವೆ. ಅವನ್ನು ಆಡಿದ ಮಾತು ಎಂದಲ್ಲ, ನೆನಪಾದ ಮಾತು ಎಂದು ಓದಬೇಕು. ಇನ್ನೊಂದು ಕೊರತೆ ದೊಡ್ಡದು. ಒಡಕಿನ ಹಿಂದೆ ಗುಪ್ತ ಪೊಲೀಸರ ಕೈಯಿದೆ ಎಂದು ಲೇಖಕರಿಗೆ ತಿಳಿದಿತ್ತು. ಆದರೆ ಪಾದ್ರಿಗಳನ್ನು ಒಡೆಯುವ ಯೋಜನೆಯನ್ನು 1922ರ ಮಾರ್ಚ್ 30ರ ಟಿಪ್ಪಣಿಯಲ್ಲಿ ಟ್ರಾಟ್ಸ್ಕಿ ಹೇಗೆ ವಿವರವಾಗಿ ಹಾಕಿಕೊಟ್ಟಿದ್ದರು, ಜಿಪಿಯು ಎಂಬ ಆ ಗುಪ್ತ ಪೊಲೀಸ್ ಸಂಸ್ಥೆಯ ಅಧಿಕಾರಿ ತುಚ್ಕೊವ್ ಅದನ್ನು ಹೇಗೆ ನಡೆಸಿದರು ಎಂಬುದು ಪೂರ್ತಿ ಬಿಚ್ಚಿಕೊಂಡದ್ದು ತೊಂಬತ್ತರ ದಶಕದಲ್ಲಿ, ಕಮ್ಯುನಿಸ್ಟ್ ಪಕ್ಷದ ಉನ್ನತ ಸಮಿತಿಯಾದ ಪೊಲಿಟ್‌ಬ್ಯೂರೊದ ಕಡತಗಳು ಅಚ್ಚಾದಾಗ.

ಹಾಗೆಂದು ಕಡತಗಳು ಈ ಪುಸ್ತಕವನ್ನು ಮೂಲೆಗೆ ತಳ್ಳಲಿಲ್ಲ. ಯಾರು ಯಾರಿಗೆ ಆದೇಶ ಕೊಟ್ಟರು ಎಂದು ಕಡತ ಹೇಳುತ್ತದೆ. ಆ ಪಾದ್ರಿಗಳಲ್ಲಿ ಯಾರು ಸುಧಾರಣೆಯನ್ನು ಮನಸಾರೆ ನಂಬಿದ್ದರು, ಯಾರು ಬರೀ ಕುರ್ಚಿಗೆ ಬಂದಿದ್ದರು, ವೇದಿಕೆಯ ಮೇಲೆ ನಿಂತಾಗ ಯಾರ ಗಂಟಲು ಹೇಗೆ ಏರಿಳಿಯುತ್ತಿತ್ತು ಎಂಬುದಕ್ಕೆ ಈಗಲೂ ಸಂಶೋಧಕರು ಲೆವಿತಿನ್ ಅವರ ಪುಟಗಳಿಗೇ ಬರುತ್ತಾರೆ.

ಅವರು ತೀರಿಕೊಂಡದ್ದು 1991ರ ಏಪ್ರಿಲ್ 4ರಂದು, ಲುಸರ್ನ್‌ನಲ್ಲಿ. ಡಿಸೆಂಬರಿಗೆ ಸೋವಿಯತ್ ಒಕ್ಕೂಟ ಇರಲಿಲ್ಲ. 1996ರಲ್ಲಿ ಅವರ ಚರಿತ್ರೆ ಮಾಸ್ಕೋದಲ್ಲೇ, ಯಾರೂ ಕದ್ದು ಕುಟ್ಟಬೇಕಾಗಿಲ್ಲದಂತೆ, ಅಚ್ಚಾಗಿ ಬಂತು. ಹೊರತಂದದ್ದು ಒಂದು ಚರ್ಚಿನ ಪ್ರಕಾಶನ.