ಅಘನಾಶಿನಿಯ ಜೊತೆ ಘಟ್ಟ ಹತ್ತುವುದು

ಕೇಳುಗರಿಗೆ ನಮಸ್ಕಾರ.

ಡೇರೆ ಹೊತ್ತು ಕರಾವಳಿಯ ಘಟ್ಟ ಸುತ್ತಬೇಕು ಎನ್ನುವವರು ಹೆಚ್ಚಾಗಿ ಜಲಪಾತಗಳ ಪಟ್ಟಿ ಹಿಡಿದು ಹೊರಡುತ್ತಾರೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು, ಸಂಜೆಗೆ ಕಡಲತೀರ. ನಡುವಿನ ನಾಡೆಲ್ಲ ಕಾರಿನ ಗಾಜಿನ ಆಚೆಗೇ ಉಳಿದುಬಿಡುತ್ತದೆ. ನಾನು ಹೇಳುವುದು ಇಷ್ಟೇ: ಪಟ್ಟಿಯನ್ನು ಬಿಡಿ, ಒಂದು ನದಿಯನ್ನು ಹಿಡಿಯಿರಿ. ಉತ್ತರ ಕನ್ನಡದ ಅಘನಾಶಿನಿಯನ್ನು ಹಿಡಿಯಿರಿ. ಶಿರಸಿಯ ಬಳಿ ಹುಟ್ಟಿ ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವವರೆಗೆ ಅದಕ್ಕೆ ದೊಡ್ಡ ಅಣೆಕಟ್ಟೊಂದೂ ಅಡ್ಡ ಬಂದಿಲ್ಲ. ಅಕ್ಕಪಕ್ಕದ ಕಾಳಿ, ಶರಾವತಿಗಳಿಗೆ ಆ ಭಾಗ್ಯವಿಲ್ಲ.

ನದಿ ಕಡಲು ಸೇರುವ ಅಳಿವೆಯಿಂದಲೇ ಆರಂಭಿಸಿ. ಇಳಿತದ ಹೊತ್ತಿಗೆ ದಂಡೆಯಲ್ಲಿ ನಿಂತರೆ, ಜನ ನೀರಿಗಿಳಿದು ಕೆಸರಿನಿಂದ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವುದು ಕಾಣುತ್ತದೆ. ಎಷ್ಟೋ ಮನೆಗಳ ಒಲೆ ಉರಿಯುವುದು ಈ ಚಿಪ್ಪಿನಿಂದ. ಆಚೆಗೆ ಗಜನಿ ಭೂಮಿ, ಎಂದರೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳು. ಅಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನು ತಾಳಿಕೊಳ್ಳುತ್ತದೆ. ಆಳೆತ್ತರಕ್ಕೆ ಬೆಳೆಯುವ ಅದರ ತೆನೆಯನ್ನಷ್ಟೇ ರೈತರು ನೀರಿನಲ್ಲಿ ನಿಂತು ಕೊಯ್ಯುತ್ತಾರೆ. ಈ ಅಳಿವೆ 2024ರಲ್ಲಿ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ನನಗಾದ ಸಂತೋಷ ಸಣ್ಣದಲ್ಲ. ಮೊದಲ ರಾತ್ರಿ ಇಲ್ಲೇ ಇರಲಿ. ದಂಡೆಯ ಮನೆಯವರನ್ನು ಕೇಳಿ, ಉಬ್ಬರದ ಗೆರೆಗಿಂತ ಸಾಕಷ್ಟು ಮೇಲೆ ಡೇರೆ ಹಾಕಿ. ತೆಂಗಿನ ಮರದ ಕೆಳಗೆ ಮಾತ್ರ ಬೇಡ. ನೆರಳು ಚೆನ್ನಾಗಿರುತ್ತದೆ, ಆದರೆ ಕಾಯಿ ಬೀಳುವ ಹೊತ್ತನ್ನು ಯಾರೂ ಬಲ್ಲವರಿಲ್ಲ.

ಕುಮಟಾದಿಂದ ಶಿರಸಿಯ ದಾರಿ ದೇವಿಮನೆ ಘಟ್ಟವನ್ನು ಹತ್ತುತ್ತದೆ. ಕಪ್ಪು ಬಂಡೆಗಳ ಯಾಣ ಆಸುಪಾಸಿನಲ್ಲೇ ಇದೆ, ನೋಡದವರು ನೋಡಿ ಬನ್ನಿ. ಘಟ್ಟದ ತಿರುವಿನಲ್ಲಿ ಎಲ್ಲಿ ಸಮತಟ್ಟು ಕಂಡರೂ ಡೇರೆ ಹಾಕುವ ಆಸೆಯಾಗುತ್ತದೆ. ದಯವಿಟ್ಟು ಬೇಡ. ರಸ್ತೆಗಾಗಿ ಕಡಿದ ಗುಡ್ಡದ ಬುಡ ಮಲಗುವ ಜಾಗವಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು ಜನ ಪ್ರಾಣ ಕಳೆದುಕೊಂಡದ್ದನ್ನು ನಾವು ಇಷ್ಟು ಬೇಗ ಮರೆಯಬಾರದು.

ಘಟ್ಟದ ಮೇಲೆ ಅಡಿಕೆ ತೋಟದ ಮನೆಗಳು. ಚಳಿಗಾಲವೆಂದರೆ ಅಲ್ಲಿ ಅಡಿಕೆಗೊನೆಗಳ ಕೊಯ್ಲಿನ ಕಾಲ. ರಾತ್ರಿ ಊಟವಾದ ಮೇಲೆ ಅಕ್ಕಪಕ್ಕದವರೆಲ್ಲ ಸೇರಿ ದೀಪದ ಕೆಳಗೆ ಸಾಲಾಗಿ ಕುಳಿತು ಅಡಿಕೆ ಸುಲಿಯುತ್ತಾರೆ. ಮಾತು ನಡೆದೇ ಇರುತ್ತದೆ, ಕೈ ಮಾತ್ರ ನಿಲ್ಲುವುದಿಲ್ಲ. ಹಂಡೆಯಲ್ಲಿ ಬೇಯುವ ಅಡಿಕೆಯಿಂದ ಬಿಡುವ ಚೊಗರು ಎಂಬ ರಸದ ಒಗರು ವಾಸನೆ ಇಡೀ ಅಂಗಳವನ್ನು ತುಂಬಿರುತ್ತದೆ. ಹಾಗಾಗಿ ಅಂಗಳದಲ್ಲಿ ಜಾಗ ಕೇಳಬೇಡಿ, ಅದು ಅಡಿಕೆಗೆ ಮೀಸಲು. ಮನೆಯ ಮೇಲ್ಬದಿಯ ಬೇಣದಲ್ಲಿ, ಎಂದರೆ ಹುಲ್ಲುಗಾವಲಿನಲ್ಲಿ, ಡೇರೆ ಹಾಕಬಹುದೇ ಎಂದು ಕೇಳಿ. ಬೇಣದಲ್ಲಿ ಇಬ್ಬನಿ ಮಳೆಯಂತೆ ಸುರಿಯುತ್ತದೆ; ಎರಡು ಪದರದ ಡೇರೆ ಬೇಕು, ಗಾಳಿಕಿಂಡಿ ತೆರೆದಿರಬೇಕು. ಚಳಿಗೆ ಹೆದರಿ ಎಲ್ಲವನ್ನೂ ಮುಚ್ಚಿದರೆ ನಿಮ್ಮ ಉಸಿರಿನ ತೇವವೇ ಒಳಗೋಡೆಯಲ್ಲಿ ಹನಿಯಾಗಿ ಹಾಸಿಗೆಯನ್ನು ಒದ್ದೆ ಮಾಡುತ್ತದೆ.

ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಧುಮುಕುತ್ತದೆ. ಅಳಿವೆಯ ಮಂದ ನೀರನ್ನು ಮೊದಲೇ ಕಂಡಿದ್ದವರಿಗೆ ಇದು ಅದೇ ನದಿಯೇ ಎಂದು ನಂಬುವುದು ಕಷ್ಟ. ಕೆಳಗಿನಿಂದ ಮೇಲಕ್ಕೆ ಬನ್ನಿ ಎಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ.

ಅಲ್ಲಿಂದ ಹೊನ್ನಾವರದ ಕಡೆಗೆ ಹೊರಳಿದರೆ ಶರಾವತಿಯ ಸೀಮೆ, ಕತ್ತಲೆಕಾನು ಎಂಬ ಕಾಡು. ಇಲ್ಲಿ ರಾಮಪತ್ರೆ ಮರಗಳ ಜಡ್ಡಿಗಳಿವೆ, ಎಂದರೆ ಜೌಗು ಕಾಡುಗಳು. ತೊರೆಯ ನೀರು ನಿಧಾನವಾಗಿ ಹರಿಯುವ ಕೆಸರಿನಲ್ಲಿ ಮರಗಳು ನಿಂತಿರುತ್ತವೆ. ಉಸಿರಾಟಕ್ಕೆಂದು ಬೇರುಗಳು ಮಣ್ಣಿನಿಂದ ಮೇಲೆದ್ದು, ಮಂಡಿಯಂತೆ ಬಾಗಿ, ಮತ್ತೆ ಮಣ್ಣಿಗಿಳಿಯುತ್ತವೆ. ಆ ಬೇರುಗಳ ಮೇಲೆ ಕಾಲಿಡಬೇಡಿ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ಸಿಂಗಳೀಕ ಎಂಬ ಮಂಗ ಈ ಮರಗಳ ತುದಿಯಲ್ಲೇ ಬಾಳುತ್ತದೆ, ನೆಲಕ್ಕಿಳಿಯುವುದು ಅಪರೂಪ. ಅದರ ಸಲುವಾಗಿಯೇ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ರಸ್ತೆಬದಿಯಲ್ಲಿ ಮಂಗಗಳಿಗೆ ಬಿಸ್ಕತ್ತು ಎಸೆದು ಅವುಗಳನ್ನು ವಾಹನಗಳ ಗಾಲಿಯ ಹತ್ತಿರಕ್ಕೆ ಕರೆಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಡೇರೆ ಹಾಕುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ. ಅಡುಗೆಗೆ ಸಣ್ಣ ಗ್ಯಾಸ್ ಒಲೆ ಒಯ್ಯಿರಿ, ಹಚ್ಚುವ ಮೊದಲು ಸುತ್ತಲಿನ ತರಗೆಲೆಯನ್ನು ಗುಡಿಸಿ. ಒದ್ದೆ ಜಾಗಗಳಲ್ಲಿ ಉಂಬಳ ಹತ್ತಿದರೆ ಕಿತ್ತೆಸೆಯಬೇಡಿ, ಚಿಟಿಕೆ ಉಪ್ಪು ತಾಗಿಸಿದರೆ ತಾನಾಗಿಯೇ ಬಿಡುತ್ತದೆ.

ಮಲೆಮನೆ ಘಟ್ಟ ಇಳಿದರೆ ಗೇರುಸೊಪ್ಪ, ಮುಂದೆ ಹೊನ್ನಾವರ, ಮತ್ತೆ ಕುಮಟಾ. ಅವಸರ ಮಾಡದಿದ್ದರೆ ಈ ಸುತ್ತಿಗೆ ನಾಲ್ಕು ರಾತ್ರಿ ಬೇಕು. ಉಂಚಳ್ಳಿಯಲ್ಲಿ ತುಂಬಿದ ನೀರು, ತೋಟದ ಮನೆಯಲ್ಲಿ ಅಡಿಕೆ ಸುಲಿಯುವ ರಾತ್ರಿ ಎರಡೂ ಸಿಗಬೇಕೆಂದಿದ್ದರೆ ಡಿಸೆಂಬರ್ ದಾಟಿಸಬೇಡಿ. ನಮಸ್ಕಾರ.