ನೆಟ್ ಎಲ್ಲಿಯವರೆಗೆ ಬರ್ತಿದೆ?

ಎಲ್ಲರಿಗೂ ನಮಸ್ಕಾರ. ನೆಟ್ ಬರದಿದ್ದಾಗ ತೊಂದರೆ ಎಲ್ಲಿದೆ ಎಂದು ಹುಡುಕಲು ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಕಾಗುಣಿತ ಹಿಂದಿನ ಪರದೆಯಲ್ಲಿ ಬರುತ್ತಾ ಹೋಗುತ್ತದೆ. ನಾನು ಉಚ್ಚಾರವನ್ನಷ್ಟೇ ಹೇಳುತ್ತೇನೆ, ಬರೆದುಕೊಳ್ಳುವ ಅವಸರ ಬೇಡ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಒಪ್ಪದಿದ್ದರೂ ಇನ್ನೂ ಗಟ್ಟಿಮುಟ್ಟಾಗಿರುವ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು, ಅದರ ಬಗೆಗಳಾದ ಮಿಂಟನ್ನೋ ಉಬುಂಟುವನ್ನೋ ಹಾಕಿಕೊಂಡವರು ಈ ಸಭೆಯಲ್ಲೇ ಇದ್ದೀರಿ. ಒಳ್ಳೆಯ ಕೆಲಸ ಮಾಡಿದ್ದೀರಿ. ಅಂಥ ಯಂತ್ರ ಗುಜರಿಗೆ ಹೋಗಬಾರದು ಅನ್ನುವುದೇ ಇವತ್ತಿನ ಮಾತಿಗೆ ಕಾರಣ. ಎಷ್ಟೋ ಸಲ ಅದನ್ನು ಗುಜರಿಗೆ ಕಳಿಸುವುದು ಒಂದೇ ಒಂದು ದೂರು: ‘ಲಿನಕ್ಸ್ ಹಾಕಿದ ಮೇಲೆ ನೆಟ್ ಬರ್ತಿಲ್ಲ.’

ಈ ಮಾತಿನ ಬಗ್ಗೆಯೇ ನನ್ನ ತಕರಾರು. ನಲ್ಲಿಯಲ್ಲಿ ನೀರು ಬರದಿದ್ದರೆ ನಾವು ಗೋಡೆ ಒಡೆದು ಪೈಪು ಬದಲಿಸುತ್ತೇವೆಯೇ? ಟ್ಯಾಂಕ್ ನೋಡುತ್ತೇವೆ, ಸಂಪು ನೋಡುತ್ತೇವೆ, ಪಕ್ಕದ ಮನೆಗೆ ಬಂತಾ ಕೇಳುತ್ತೇವೆ. ನೆಟ್ ವಿಷಯದಲ್ಲಿ ಮಾತ್ರ ಸೀದಾ ಇಡೀ ವ್ಯವಸ್ಥೆಯನ್ನೇ ಅಳಿಸಿ ಮತ್ತೆ ಹಾಕುತ್ತೇವೆ. ಎರಡು ಗಂಟೆ ಹೋಗುತ್ತದೆ, ತೊಂದರೆ ಇದ್ದಲ್ಲೇ ಇರುತ್ತದೆ. ‘ಬರ್ತಿಲ್ಲ’ ಅನ್ನುವ ಬದಲು ‘ಎಲ್ಲಿಯವರೆಗೆ ಬರ್ತಿದೆ?’ ಎಂದು ಕೇಳೋಣ. ಲಿನಕ್ಸ್ ಇದಕ್ಕೆ ಸ್ಪಷ್ಟವಾಗಿ ಉತ್ತರ ಕೊಡುತ್ತದೆ.

ಹೊರಗಿನಿಂದ ಶುರುಮಾಡೋಣ. ಫೈಬರ್ ಸಂಪರ್ಕದ ಮನೆಯಲ್ಲಿ ಗೋಡೆಯ ಮೇಲೊಂದು ಸಣ್ಣ ಪೆಟ್ಟಿಗೆ ಇರುತ್ತದಲ್ಲ, ಓಎನ್‌ಟಿ, ಅದರ ಪಾನ್ ದೀಪ ಹಸಿರಾಗಿ ನಿಂತಿರಬೇಕು. ಎಲ್‌ಓಎಸ್ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ. ಬೀದಿಯಲ್ಲಿ ಎಳೆ ತುಂಡಾಗಿದೆ, ಇಲ್ಲವೇ ಮನೆಯೊಳಗೆ ಬೀರುವಿನ ಹಿಂದೆ ಹಳದಿ ಎಳೆ ಚೂಪಾಗಿ ಮಡಚಿಕೊಂಡಿದೆ. ಆಗ ಕಂಪ್ಯೂಟರ್ ಮುಟ್ಟಬೇಡಿ, ನೆಟ್‌ನವರಿಗೆ ಫೋನ್ ಮಾಡಿ. ಅದೇ ವೈಫೈಯಲ್ಲಿ ಮೊಬೈಲ್‌ಗೆ ನೆಟ್ ಬರುತ್ತಿದೆಯಾ ಅಂತಲೂ ನೋಡಿ, ಆದರೆ ಮೊಬೈಲ್ ಡೇಟಾ ಆಫ್ ಮಾಡಿ ನೋಡಿ. ಇದನ್ನು ಮರೆತವರು ಅರ್ಧ ದಿನ ತಪ್ಪು ದಾರಿಯಲ್ಲಿ ಅಲೆಯುತ್ತಾರೆ.

ಇನ್ನು ಯಂತ್ರ. ಟರ್ಮಿನಲ್, ಅಂದರೆ ಆಜ್ಞೆ ಬರೆಯುವ ಕಿಟಕಿ, ತೆರೆದು ‘ಐಪಿ ಲಿಂಕ್’ ಕೊಡಿ. ‘ಇಎನ್’ ಎಂದು ಶುರುವಾಗುವ ಹೆಸರು ಕೇಬಲಿನದು, ‘ಡಬ್ಲ್ಯುಎಲ್’ ಎಂದು ಶುರುವಾಗುವುದು ವೈಫೈಯದು. ಕೇಬಲಿನ ಸಾಲಿನಲ್ಲಿ ‘ನೋ ಕ್ಯಾರಿಯರ್’ ಎಂದಿದ್ದರೆ ಆ ತುದಿಯಿಂದ ವಿದ್ಯುತ್ ಸಂಕೇತವೇ ಬರುತ್ತಿಲ್ಲ. ತಂತಿ, ಪಿನ್ನು, ರೌಟರಿನ ತೂತು ಈ ಮೂರನ್ನು ಬಿಟ್ಟು ಬೇರೆ ಏನನ್ನೂ ಅನುಮಾನಿಸಬೇಡಿ. ‘ಲೋವರ್ ಅಪ್’ ಇದ್ದರೆ ತಂತಿ ಜೀವಂತ.

ಜೀವಂತ ಅಂದಮಾತ್ರಕ್ಕೆ ಆರೋಗ್ಯವಾಗಿದೆ ಎಂದಲ್ಲ. ತಂತಿಯೊಳಗೆ ನಾಲ್ಕು ಜೋಡಿ ಎಳೆಗಳಿವೆ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, 1, 2, 3, 6ನೇ ಪಿನ್ನುಗಳವು. ಗಿಗಾಬಿಟ್‌ಗೆ, ಅಂದರೆ 1000ಕ್ಕೆ, ನಾಲ್ಕೂ ಬೇಕು. ಉಳಿದ ಎಳೆಗಳಲ್ಲಿ ಒಂದು ಕಿತ್ತುಬಂದರೂ ನೆಟ್ ನಿಲ್ಲುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. 200 ಎಂಬಿಪಿಎಸ್ ಪ್ಲಾನಿಗೆ ದುಡ್ಡು ಕಟ್ಟಿ ಸ್ಪೀಡ್ ಟೆಸ್ಟಿನಲ್ಲಿ ಪ್ರತಿಸಲವೂ 94ರ ಆಸುಪಾಸು ಬಂದರೆ ಮೊದಲು ಈ ತಂತಿಯನ್ನು ಅನುಮಾನಿಸಿ. ‘ಈಥ್‌ಟೂಲ್’ ಆಜ್ಞೆ ‘ಸ್ಪೀಡ್ 100’ ಎಂದು ಬಾಯಿಬಿಡುತ್ತದೆ. ಹಳೆಯ ಯಂತ್ರದ ಕಾರ್ಡೇ ನೂರರದ್ದಾಗಿದ್ದರೆ ಅದನ್ನೂ ಅದೇ ಹೇಳುತ್ತದೆ.

ಕ್ರಿಂಪಿಂಗ್, ಅಂದರೆ ತಂತಿಯ ತುದಿಗೆ ಕನೆಕ್ಟರ್ ಕೂರಿಸುವ ಕೆಲಸ, ನೀವೇ ಮಾಡುವುದಾದರೆ ಬಣ್ಣದ ಕ್ರಮ ಇದು: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಹಸಿರಿನ ನಡುವೆ ನೀಲಿ ಬಂದು ಕೂತಿದ್ದು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. 3 ಮತ್ತು 6ನೇ ಪಿನ್ನುಗಳು ಒಂದೇ ಸುರುಳಿಯ ಜೋಡಿಯಾಗಿರಬೇಕು, ಅದಕ್ಕೆ. ‘ಎರಡೂ ತುದಿಯಲ್ಲಿ ಒಂದೇ ಕ್ರಮ ಇದ್ದರಾಯಿತು’ ಎಂದು ಬಣ್ಣಗಳನ್ನು ತೋಚಿದಂತೆ ಜೋಡಿಸಿದರೆ ಅಗ್ಗದ ಟೆಸ್ಟರಿನಲ್ಲಿ ಎಂಟೂ ದೀಪ ಹತ್ತುತ್ತವೆ, ತಂತಿ ಪಾಸ್. ಆದರೆ ಬೇರೆ ಬೇರೆ ಸುರುಳಿಯ ಎಳೆಗಳು ಜೋಡಿಯಾಗಿರುವುದರಿಂದ ಪಕ್ಕದ ಜೋಡಿಯ ಗದ್ದಲವೆಲ್ಲ ಅದರೊಳಕ್ಕೆ ನುಗ್ಗುತ್ತದೆ. ಎರಡು ಮೀಟರಿನಲ್ಲಿ ಗೊತ್ತಾಗದೆ ಇರಬಹುದು, ಮಹಡಿಗೆ ಎಳೆದ ಇಪ್ಪತ್ತೈದು ಮೀಟರಿನಲ್ಲಿ ಗೊತ್ತಾಗುತ್ತದೆ.

ತಂತಿ ಸರಿಯಿದೆ, ಮುಂದೆ ವಿಳಾಸ, ಅಂದರೆ ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ. ‘ಐಪಿ ಅಡ್ರೆಸ್’ ಕೊಟ್ಟಾಗ 192.168 ಎಂದು ಶುರುವಾಗುವ ಸಂಖ್ಯೆ ಕಂಡರೆ ಹೆಚ್ಚಿನ ಮನೆಗಳಲ್ಲಿ ರೌಟರ್ ವಿಳಾಸ ಕೊಟ್ಟಿದೆ ಎಂದರ್ಥ. 169.254 ಎಂದಿದ್ದರೆ ಯಾರೂ ಕೊಡಲಿಲ್ಲ, ಯಂತ್ರ ತಾನೇ ಇಟ್ಟುಕೊಂಡಿದೆ. ಏನೂ ಇಲ್ಲದೆ ಮೂಲೆಯ ಚಿಹ್ನೆ ಮುಕ್ಕಾಲು ನಿಮಿಷ ಸುತ್ತಿ ಸೋತರೆ, ಲಿನಕ್ಸಿನಲ್ಲಿ ಸಂಪರ್ಕ ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ಕಾಯುವ 45 ಸೆಕೆಂಡ್ ಮುಗಿಯಿತು ಅಂತ ಲೆಕ್ಕ. ರೌಟರ್ ಇಲ್ಲದೆ ಬಡಾವಣೆಯ ಕೇಬಲ್‌ನವರ ತಂತಿಯನ್ನೇ ನೇರ ಯಂತ್ರಕ್ಕೆ ಸಿಕ್ಕಿಸಿಕೊಂಡವರು ಇದನ್ನು ಗಮನಿಸಿ: ಕೆಲವರು ನಿಮ್ಮ ಹಳೆಯ ಯಂತ್ರದ ಮ್ಯಾಕ್ ಸಂಖ್ಯೆಗೆ, ಅಂದರೆ ಅದರ ನೆಟ್ ಕಾರ್ಡಿನ ಗುರುತಿನ ಸಂಖ್ಯೆಗೆ, ಸಂಪರ್ಕವನ್ನು ಕಟ್ಟಿಹಾಕಿರುತ್ತಾರೆ. ಯಂತ್ರ ಬದಲಾದರೆ ವಿಳಾಸ ಸಿಗುವುದಿಲ್ಲ. ಫೋನ್ ಮಾಡಿ ಹೊಸ ಸಂಖ್ಯೆ ಬರೆಸಿದರೆ ಮುಗಿಯಿತು.

ಈಗ ಪಿಂಗ್, ಅಂದರೆ ಇನ್ನೊಂದು ಯಂತ್ರವನ್ನು ಕೂಗಿ ಅದು ಓಗೊಡುತ್ತದೆಯಾ ಎಂದು ನೋಡುವ ಆಜ್ಞೆ. ಇದಕ್ಕೆ ಸ್ವಲ್ಪ ಸಮಯ ಕೊಡಿ.

ಮೈಕ್ ಮೂಸ್ ಎಂಬುವರು ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾಲಯದಲ್ಲಿದ್ದರು. 1983ರ ಡಿಸೆಂಬರಿನಲ್ಲಿ ಅಲ್ಲಿನ ಜಾಲ ವಿಚಿತ್ರವಾಗಿ ನಡೆದುಕೊಳ್ಳತೊಡಗಿತು. ಒಂದೇ ಸಂಜೆಯಲ್ಲಿ ಕೂತು ಅವರು ಈ ಪ್ರೋಗ್ರಾಂ ಬರೆದರು. ಜಲಾಂತರ್ಗಾಮಿಯ ಸೋನಾರ್ ಸದ್ದಿನ ಹೆಸರನ್ನೇ ಅದಕ್ಕೆ ಇಟ್ಟರು: ಒಂದು ಕೂಗು, ಒಂದು ಮಾರ್ದನಿ, ನಡುವಿನ ಹೊತ್ತು. ಪಿಂಗ್ ಅನ್ನುವುದು ಯಾವುದೋ ಉದ್ದನೆಯ ಹೆಸರಿನ ಮೊದಲಕ್ಷರಗಳು ಎಂದು ಕೆಲವು ಪಠ್ಯಗಳಲ್ಲಿ ಓದಿರುತ್ತೀರಿ. ಆ ವಿಸ್ತರಣೆ ಬೇರೆಯವರು ಆಮೇಲೆ ಕಟ್ಟಿದ್ದು.

ಮೂಸ್ ಅವರೇ ಮೆಚ್ಚಿ ಹೇಳುತ್ತಿದ್ದ ಒಂದು ಪ್ರಸಂಗವಿದೆ. ಒಬ್ಬ ಜಾಲ ನಿರ್ವಾಹಕರ ಕಟ್ಟಡದಲ್ಲಿ ಈಥರ್ನೆಟ್, ಅಂದರೆ ಕೇಬಲಿನ ಜಾಲ, ಬಂದು ಹೋಗಿ ಮಾಡುತ್ತಿತ್ತು. ಎಲ್ಲೋ ಒಂದು ಸಡಿಲ ಕನೆಕ್ಟರ್, ಎಲ್ಲಿ ಅಂತ ಗೊತ್ತಿಲ್ಲ. ಪಿಂಗ್ ಮಾಡಿದರೆ ಉತ್ತರ ಪರದೆಯಲ್ಲಿ ಬರುತ್ತದೆ, ಸಡಿಲ ತಂತಿ ಇರುವುದು ಮೂರು ಕೋಣೆಯಾಚೆ. ಅಲ್ಲಿ ಅಲುಗಾಡಿಸಿ ಇಲ್ಲಿ ಬಂದು ನೋಡುವಷ್ಟರಲ್ಲಿ ಮತ್ತೆ ಸರಿಯಾಗಿರುತ್ತದೆ. ಆತ ಏನು ಮಾಡಿದರು? ಪಿಂಗ್‌ಗೆ ಬರುವ ಪ್ರತಿ ಉತ್ತರವನ್ನೂ ‘ಪಿಂಗ್’ ಅನ್ನುವ ಒಂದೇ ಪದಕ್ಕೆ ಇಳಿಸಿ, ಆ ಪದವನ್ನು ಮಾತಾಡುವ ಪ್ರೋಗ್ರಾಮಿಗೆ ಹರಿಸಿ, ಅದನ್ನು ಕಚೇರಿಯ ಸ್ಟೀರಿಯೋಗೆ ಜೋಡಿಸಿ ದನಿಯನ್ನು ಪೂರ್ತಿ ಏರಿಸಿದರು. ಸೆಕೆಂಡಿಗೊಮ್ಮೆ ಯಂತ್ರ ಪಿಂಗ್, ಪಿಂಗ್, ಪಿಂಗ್ ಎಂದು ಕೂಗುತ್ತಿದೆ. ಇವರು ಕಟ್ಟಡವೆಲ್ಲ ಸುತ್ತುತ್ತಾ ಒಂದೊಂದೇ ಕನೆಕ್ಟರನ್ನು ಅಲುಗಾಡಿಸುತ್ತಾ ಹೋದರು. ಒಂದು ಕಡೆ ಅಲುಗಾಡಿಸಿದಾಗ ಕೂಗು ನಿಂತಿತು. ಸಿಕ್ಕಿತು!

ನಿಮಗೆ ಸ್ಟೀರಿಯೋ ಬೇಡ. ‘ಪಿಂಗ್ ಹೈಫನ್ ಎ’, ಮುಂದೆ ರೌಟರಿನ ವಿಳಾಸ. ಪ್ರತಿ ಉತ್ತರಕ್ಕೂ ಟರ್ಮಿನಲ್ ಗಂಟೆ ಹೊಡೆಯುತ್ತದೆ, ಟರ್ಮಿನಲ್ಲಿನ ಸೆಟ್ಟಿಂಗ್‌ನಲ್ಲಿ ಬೆಲ್ ಆನ್ ಇರಲಿ. ಕಿವಿ ಅಲ್ಲಿಟ್ಟು ಮೇಜಿನ ಕೆಳಗೆ ಬಗ್ಗಿ ತಂತಿ ಅಲ್ಲಾಡಿಸಿ. ರೌಟರಿನ ವಿಳಾಸ ಬೇಕಾದರೆ ‘ಐಪಿ ರೂಟ್’ ಕೊಡಿ, ‘ಡೀಫಾಲ್ಟ್ ವಯಾ’ ಎಂಬುದರ ಮುಂದೆ ಇರುತ್ತದೆ. ಕೇಬಲಿನಲ್ಲಿ ಉತ್ತರ ಸಾಮಾನ್ಯವಾಗಿ ಒಂದು ಮಿಲಿಸೆಕೆಂಡಿನ ಒಳಗೆ ಬರಬೇಕು.

ರೌಟರ್ ಉತ್ತರ ಕೊಟ್ಟಿತು. ಮುಂದಿನದು ‘ಪಿಂಗ್ 1.1.1.1’, ಅದು ಮನೆಯಾಚೆ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ತೆರೆದಿರುವ ಒಂದು ವಿಳಾಸ. ಅದಾದ ಮೇಲೆ ಯಾವುದಾದರೂ ಜಾಲತಾಣದ ಹೆಸರು. ಈ ಮೂರು ಪಿಂಗ್‌ಗಳಲ್ಲೇ ‘ಎಲ್ಲಿಯವರೆಗೆ’ ಅನ್ನುವುದಕ್ಕೆ ಬಹುಪಾಲು ಉತ್ತರ ಇದೆ. ಸೋತಾಗ ಬರುವ ಸಾಲನ್ನು ದಯವಿಟ್ಟು ಓದಿ. ಎಲ್ಲ ಸೋಲೂ ಒಂದೇ ಅಲ್ಲ. ‘ನೆಟ್‌ವರ್ಕ್ ಈಸ್ ಅನ್‌ರೀಚಬಲ್’ ಅಂದರೆ ಹೊರಗೆ ಹೋಗುವ ದಾರಿಯೇ ನಿಮ್ಮ ಯಂತ್ರಕ್ಕೆ ಗೊತ್ತಿಲ್ಲ, ನೀವು ಕಳಿಸಿದ ಮಾಹಿತಿಯ ಪೊಟ್ಟಣ (ಪ್ಯಾಕೆಟ್) ಹೊಸಿಲನ್ನೇ ದಾಟಿಲ್ಲ. ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಎಂದು ನಿಮ್ಮದೇ ವಿಳಾಸದಿಂದ ಬಂದರೆ ಮನೆಯೊಳಗೇ ಕೂಗಿ ಕರೆದರೂ ರೌಟರ್ ಓಗೊಡಲಿಲ್ಲ. ಏನೂ ಬರದೆ ಸುಮ್ಮನೆ ಕೂತರೆ ಪೊಟ್ಟಣ ಹೊರಟಿದೆ, ಮಾರ್ದನಿ ಇಲ್ಲ. ತೊಂದರೆ ಆಚೆ ಇರಬಹುದು. ‘ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಶನ್’ ಅಂದರೆ ಹೆಸರಿಗೆ ಸಂಖ್ಯೆ ಹುಡುಕಿಕೊಡುವವರು ಸಿಕ್ಕಿಲ್ಲ. 1.1.1.1 ಉತ್ತರಿಸಿ ಹೆಸರು ಮಾತ್ರ ಸೋತರೆ ನೆಟ್ ಬರ್ತಿದೆ! ಹೆಸರಿಗೆ ಸಂಖ್ಯೆ ಹುಡುಕಿಕೊಡುವ ಸೇವೆ, ಡಿಎನ್‌ಎಸ್, ಒಂದೇ ಹೋಗಿದೆ. ಇಲ್ಲಿ ಫಾರ್ಮ್ಯಾಟ್ ಮಾಡಿದರೆ ಅದು ಅನ್ಯಾಯ.

ಡಿಎನ್‌ಎಸ್‌ನಲ್ಲಿ ಆಗುವ ಮಾಮೂಲಿ ತಪ್ಪು ಕೇಳಿ. ಇಟಿಸಿ ಫೋಲ್ಡರಿನ ರಿಸಾಲ್ವ್-ಕಾನ್ಫ್ ಕಡತ ತೆರೆದರೆ ಉಬುಂಟುವಿನಲ್ಲಿ 127.0.0.53 ಎಂದಿರುತ್ತದೆ. ಇದು ಕೆಟ್ಟುಹೋಗಿದೆ ಎಂದುಕೊಂಡು ಅಳಿಸಿ ಹೊರಗಿನ ಡಿಎನ್‌ಎಸ್ ಸೇವೆಯೊಂದರ ವಿಳಾಸ 8.8.8.8 ಬರೆಯುತ್ತಾರೆ. ಅದು ಕೆಟ್ಟಿಲ್ಲ. ನಿಮ್ಮ ಯಂತ್ರದೊಳಗೇ ಇರುವ ಮಧ್ಯವರ್ತಿ ಸೇವೆಯ ವಿಳಾಸ ಅದು. ನಿಜವಾಗಿ ಯಾರನ್ನು ಕೇಳುತ್ತಿದೆ ಅನ್ನುವುದನ್ನು ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ತೋರಿಸುತ್ತದೆ. ಅಳಿಸಿ ಬರೆದಿದ್ದು ರೀಬೂಟ್ ಆದಾಗ ಹೋಗಬಹುದು. ಆಗ ಕೆಲವರು ಕಡತಕ್ಕೇ ಬೀಗ ಹಾಕುತ್ತಾರೆ. ಆರು ತಿಂಗಳ ಮೇಲೆ, ಮನೆಯಿಂದ ಆಫೀಸಿನ ಜಾಲಕ್ಕೆ ಸೇರಿಸುವ ವಿಪಿಎನ್ ಯಾಕೆ ಹೆಸರು ಹುಡುಕುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವಾಗ ಬೀಗ ಹಾಕಿದ್ದು ನೆನಪಿರುವುದಿಲ್ಲ. ಸರಿಯಾದ ಜಾಗ ಸಂಪರ್ಕದ ಸೆಟ್ಟಿಂಗ್: ಐಪಿವಿ4 ಪುಟದಲ್ಲಿ ಡಿಎನ್‌ಎಸ್‌ನ ‘ಆಟೋಮ್ಯಾಟಿಕ್’ ತೆಗೆದು 1.1.1.1 ಬರೆಯಿರಿ, ಸಂಪರ್ಕ ಆಫ್ ಮಾಡಿ ಆನ್ ಮಾಡಿ.

ವೈಫೈಗೆ ಬರೋಣ. ವೈಫೈ ಚಿಹ್ನೆಯೇ ಇಲ್ಲ ಅನ್ನುವವರು ಮೊದಲು ‘ಆರ್‌ಎಫ್‌ಕಿಲ್’ ಕೊಟ್ಟು ನೋಡಿ. ‘ಹಾರ್ಡ್ ಬ್ಲಾಕ್ಡ್’ ಎಂದಿದ್ದರೆ ಲ್ಯಾಪ್‌ಟಾಪಿನ ಅಂಚಿನ ಸ್ವಿಚ್ಚನ್ನೋ ಫಂಕ್ಷನ್ ಕೀಲಿಯನ್ನೋ ಯಾರೋ ಒತ್ತಿದ್ದಾರೆ. ಮಕ್ಕಳಿರುವ ಮನೆಯಲ್ಲಿ ಇದು ಸಾಮಾನ್ಯ. ಅದಲ್ಲದಿದ್ದರೆ ‘ಎಲ್‌ಎಸ್‌ಪಿಸಿಐ ಹೈಫನ್ ಎನ್‌ಎನ್‌ಕೆ’. ವೈಫೈ ಕಾರ್ಡಿನ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಸಾಲು ಇಲ್ಲ ಅಂದರೆ ಅದಕ್ಕೆ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಸಿಕ್ಕಿಲ್ಲ. ಕಾರ್ಡಿನ ಸಾಲಿನಲ್ಲಿ 8086 ಇದ್ದರೆ ತಯಾರಕರು ಇಂಟೆಲ್, ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. 14ಇ4 ಇದ್ದರೆ ಬ್ರಾಡ್‌ಕಾಮ್, ಹಳೆಯ ಲ್ಯಾಪ್‌ಟಾಪುಗಳಲ್ಲಿ ಇದೇ ತಲೆನೋವು. ಡ್ರೈವರ್ ಇದ್ದೂ ಏಳದಿದ್ದರೆ ಕಾರ್ಡಿನೊಳಗೆ ಓಡುವ ಫರ್ಮ್‌ವೇರ್ ತಂತ್ರಾಂಶ ಸಿಗದೆ ಇರಬಹುದು, ಯಂತ್ರದ ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್’ನಲ್ಲಿ ಫರ್ಮ್‌ವೇರ್ ಎಂದು ಹುಡುಕಿ. ‘ಎರರ್ ಮೈನಸ್ 2’ ಅಂದರೆ ಕಡತ ಇಲ್ಲ ಎಂದಷ್ಟೇ, ಕಾರ್ಡ್ ಸತ್ತಿದೆ ಎಂದಲ್ಲ.

ಡ್ರೈವರ್ ತರಲು ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅಂದ ಹಾಗೆ. ಬಿಡಿಸುವ ಉಪಾಯ ನಿಮ್ಮ ಜೇಬಿನಲ್ಲೇ ಇದೆ. ಆಂಡ್ರಾಯ್ಡ್ ಫೋನನ್ನು ಚಾರ್ಜರಿನ ಯುಎಸ್‌ಬಿ ತಂತಿಯಿಂದ ಯಂತ್ರಕ್ಕೆ ಜೋಡಿಸಿ, ಸೆಟ್ಟಿಂಗ್‌ನಲ್ಲಿ ‘ಯುಎಸ್‌ಬಿ ಟೆಥರಿಂಗ್’ ಆನ್ ಮಾಡಿ. ಲಿನಕ್ಸ್ ಅದನ್ನು ಕೇಬಲ್ ಸಂಪರ್ಕ ಎಂದೇ ನೋಡುತ್ತದೆ, ಬೇರೆ ಡ್ರೈವರ್ ಬೇಡ. ತಂತಿ ಮಾತ್ರ ಡೇಟಾ ಹೋಗುವಂಥದ್ದಿರಲಿ, ಬರೀ ಚಾರ್ಜ್ ಮಾಡುವ ಅಗ್ಗದ ತಂತಿಯಲ್ಲಿ ಟೆಥರಿಂಗ್ ಗುಂಡಿ ಮಂಕಾಗಿಯೇ ಇರುತ್ತದೆ. ಡ್ರೈವರ್ ಮ್ಯಾನೇಜರ್ ತೆರೆದು ಬೇಕಾದ್ದು ಹಾಕಿಕೊಳ್ಳಿ. ಡೆಬಿಯನ್ ಎಂಬ ಇನ್ನೊಂದು ಬಗೆಯ ಲಿನಕ್ಸ್ ಬಳಸುವವರಿಗೆ ಈ ಕಷ್ಟ ಬಹಳ ಕಡಿಮೆಯಾಗಿದೆ. 2022ರಲ್ಲಿ ಡೆಬಿಯನ್ ಕಟ್ಟುವವರು ಮತ ಹಾಕಿ ತೀರ್ಮಾನಿಸಿದ ಮೇಲೆ, 2023ರ ಡೆಬಿಯನ್ 12ರಿಂದ ಮುಕ್ತವಲ್ಲದ ಫರ್ಮ್‌ವೇರ್ ಕೂಡ ಇನ್‌ಸ್ಟಾಲರಿನಲ್ಲೇ ಬರುತ್ತದೆ. ಮುಕ್ತ ತಂತ್ರಾಂಶವನ್ನಷ್ಟೇ ಕೊಡುವ ತತ್ವ ಬಿಟ್ಟುಕೊಟ್ಟರು ಎಂದು ಬೇಸರಪಟ್ಟವರಿದ್ದಾರೆ. ನನ್ನ ಮಟ್ಟಿಗೆ ಸರಿಯಾದ ತೀರ್ಮಾನ: ಮೊದಲ ದಿನವೇ ವೈಫೈ ಏಳದ ಯಂತ್ರದ ಮುಂದೆ ತತ್ವ ಕೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ.

ಎಡವಿ ಬೀಳುವ ಇನ್ನೊಂದು ಜಾಗ ಇದೆ ಇಲ್ಲಿ. ನಂಬಿಕೆಯ ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಬ್ರಾಡ್‌ಕಾಮ್ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಇಡಿ ಅನ್ನುತ್ತದೆ. ರೀಬೂಟ್ ಆದಾಗ ನೀಲಿ ಪರದೆ ಬರುತ್ತದೆ. ಅಲ್ಲಿ ‘ಕಂಟಿನ್ಯೂ ಬೂಟ್’ ಒತ್ತಬೇಡಿ. ‘ಎನ್‌ರೋಲ್ ಮಾಕ್’ ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ತಪ್ಪಿಸಿಕೊಂಡರೆ ಡ್ರೈವರ್ ಇದ್ದರೂ ಲಿನಕ್ಸಿನ ತಿರುಳಾದ ಕರ್ನಲ್ ಅದನ್ನು ಒಳಗೆ ಬಿಡುವುದಿಲ್ಲ.

ಹತ್ತು ನಿಮಿಷ ಉಳಿದಿದೆ ಅಂತ ಕೈ ತೋರಿಸುತ್ತಿದ್ದಾರೆ, ಬೇಗ ಹೇಳುತ್ತೇನೆ.

ಮೂರೂ ಪಿಂಗ್ ಸರಿ, ಬ್ರೌಸರ್ ಮಾತ್ರ ತಾಣದ ಗುರುತು ಹೇಳುವ ಪ್ರಮಾಣಪತ್ರ ಸರಿಯಿಲ್ಲ ಅನ್ನುತ್ತದೆ. ‘ಟೈಮ್‌ಡೇಟ್‌ಸಿಟಿಎಲ್’ ಕೊಟ್ಟು ತಾರೀಖು ನೋಡಿ. ಹಳೆಯ ಯಂತ್ರದ ಮದರ್‌ಬೋರ್ಡಿನಲ್ಲಿ ಸಿಆರ್2032 ಎಂಬ ಮೂರು ವೋಲ್ಟಿನ ಬಿಲ್ಲೆ ಸೆಲ್ ಮುಗಿದಿದ್ದರೆ, ಕರೆಂಟು ಹೋಗಿ ಬಂದಾಗ ಗಡಿಯಾರ ಹಿಂದಕ್ಕೆ ಹೋಗಿರುತ್ತದೆ. ಮುಂದಿನ ತಾರೀಖಿನ ಪ್ರಮಾಣಪತ್ರ ಅದಕ್ಕೆ ಸುಳ್ಳಾಗಿ ಕಾಣುತ್ತದೆ. ಅದೇ ಯಂತ್ರದಲ್ಲಿ ವಿಂಡೋಸ್ ಕೂಡ ಇದ್ದು ಗಡಿಯಾರ ಸರಿಯಾಗಿ ಐದೂವರೆ ಗಂಟೆ ತಪ್ಪಿದ್ದರೆ ಸೆಲ್ಲಿನ ದೋಷವಲ್ಲ. ವಿಂಡೋಸ್ ಭಾರತದ ಸಮಯವನ್ನು, ಲಿನಕ್ಸ್ ಯುಟಿಸಿ ಎಂಬ ವಿಶ್ವ ಸಮಯವನ್ನು ಅದೇ ಗಡಿಯಾರದಲ್ಲಿ ಬರೆಯುತ್ತಿವೆ. ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಕೂಡ ತೆಗೆಯಿರಿ, ಅದು ವೈಫೈ ಕಾರ್ಡನ್ನು ಅರೆನಿದ್ದೆಯಲ್ಲಿ ಬಿಟ್ಟು ಹೋಗುವುದುಂಟು.

ಕೆಲವು ತಾಣ ತೆರೆದು ಕೆಲವು ಅರ್ಧಕ್ಕೇ ನಿಂತರೆ ಎಂಟಿಯು, ಅಂದರೆ ಒಂದು ಪೊಟ್ಟಣದ ಗರಿಷ್ಠ ಗಾತ್ರ, ನೋಡಿ. ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಪಿಪಿಪಿಓಇ ಸಂಪರ್ಕ ಎಂಟು ಬೈಟ್ ತನಗೆ ಇಟ್ಟುಕೊಳ್ಳುವುದರಿಂದ 1500ರ ಬದಲು 1492 ಉಳಿಯುತ್ತದೆ. ‘ಪಿಂಗ್ ಹೈಫನ್ ಎಂ ಡು ಹೈಫನ್ ಎಸ್ 1464’, ಮುಂದೆ 1.1.1.1. ಪಿಂಗ್ ಪೊಟ್ಟಣದ ಹೊದಿಕೆಗೆ 28 ಬೈಟ್ ಬೇಕು, ಅದನ್ನು ಕಳೆದ ಸಂಖ್ಯೆ ಇದು. ಇದು ದಾಟಿ 1472 ದಾಟದಿದ್ದರೆ ಸಂಪರ್ಕದ ಸೆಟ್ಟಿಂಗ್‌ನಲ್ಲಿ ಎಂಟಿಯು 1492 ಬರೆಯಿರಿ.

ವೈಫೈ ಆಗಾಗ ತೂಕಡಿಸಿದರೆ ಪವರ್ ಸೇವಿಂಗ್. ನೆಟ್‌ವರ್ಕ್ ಮ್ಯಾನೇಜರಿನ ಕಡತದಲ್ಲಿ ‘ವೈಫೈ ಪವರ್‌ಸೇವ್ 3’ ಎಂದಿರುವುದನ್ನು 2 ಮಾಡಿ ರೀಬೂಟ್ ಮಾಡಿ. ಹೊಸ ಬಗೆಯ ವಿಳಾಸಗಳ, ಅಂದರೆ ಐಪಿವಿ6ರ ವಿಚಾರ ಇವತ್ತು ಆಗುವುದಿಲ್ಲ. ‘ಪಿಂಗ್ ಹೈಫನ್ 4’, ‘ಪಿಂಗ್ ಹೈಫನ್ 6’ ಎರಡನ್ನೂ ಹೋಲಿಸಿ ನೋಡಿ ಅಂತಷ್ಟೇ ಹೇಳುತ್ತೇನೆ.

ಹಿಂದಿನ ಮೇಜಿನ ಮೇಲೆ ಕ್ರಿಂಪಿಂಗ್ ಟೂಲ್, ಟೆಸ್ಟರ್, ಬೇಕೆಂದೇ ಒಂದು ಎಳೆ ಕಿತ್ತ ಎರಡು ಮೀಟರ್ ತಂತಿ ಇಟ್ಟಿದ್ದೇನೆ. ಯಾವ ಎಳೆ ಅಂತ ಹೇಳುವುದಿಲ್ಲ. ಯಂತ್ರ ತಂದವರು ಮೊದಲು ಬನ್ನಿ, ಮೂರು ಪಿಂಗ್ ಮಾಡಿ ಬಂದ ಸಾಲುಗಳನ್ನು ಪರದೆಯಲ್ಲಿ ಹಾಗೇ ಬಿಟ್ಟುಕೊಂಡು ಬನ್ನಿ.