ಮರಳಿನ ಗುಂಡಿ, ಕಕ್ಕಡದ ಮಳೆ

ಕೇಳುಗರೇ, ನಮಸ್ಕಾರ. ಕೊಡಗಿನವರಿಗೆ ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಉಪ್ಪಿನ ಡಬ್ಬಿ ತೆಗೆದರೆ ನೀರು. ಬೀರುವಿನಲ್ಲಿಟ್ಟ ಬೆಲ್ಟಿಗೆ ಬಿಳಿ ಬೂಷ್ಟು. ಅಂಥದ್ದೊಂದು ರಾತ್ರಿ, ಒಲೆ ಮೇಲೆ ಒದ್ದೆ ಬಟ್ಟೆ ನೇತುಹಾಕಿ, ಲ್ಯಾಪ್‌ಟಾಪಿನಲ್ಲಿ ನಾನು ನೋಡಿದ್ದು ಮರಳಿನ ಸಿನಿಮಾ.

ಜಪಾನಿನ ‘ವುಮನ್ ಇನ್ ದ ಡ್ಯೂನ್ಸ್’. ಕೋಬೊ ಅಬೆ 1962ರಲ್ಲಿ ಬರೆದ ಕಾದಂಬರಿ. 1964ರಲ್ಲಿ ಹಿರೋಶಿ ತೆಶಿಗಹಾರ ಅದನ್ನು ಕಪ್ಪುಬಿಳುಪಿನಲ್ಲಿ ತೆಗೆದರು. ಚಿತ್ರಕಥೆಯೂ ಅಬೆಯವರದೇ. ಅದೇ ವರ್ಷ ಕಾನ್ ಚಿತ್ರೋತ್ಸವದಲ್ಲಿ ಜ್ಯೂರಿಯ ವಿಶೇಷ ಬಹುಮಾನ ಬಂತು.

ಹುಳ ಹಿಡಿಯುವ ಹುಚ್ಚಿನ ಒಬ್ಬ ಮೇಷ್ಟ್ರು. ಕಡಲ ಪಕ್ಕದ ಮರಳುದಿಬ್ಬಗಳಲ್ಲಿ ಅಲೆದು ಕೊನೆಯ ಬಸ್ಸು ತಪ್ಪಿಸಿಕೊಳ್ಳುತ್ತಾನೆ. ಊರಿನವರು ಹಗ್ಗದ ಏಣಿ ಬಿಟ್ಟು, ಆಳದ ಗುಂಡಿಯೊಳಗಿನ ಒಂಟಿ ಹೆಂಗಸಿನ ಮನೆಗೆ ಇಳಿಸುತ್ತಾರೆ. ಬೆಳಿಗ್ಗೆ ನೋಡಿದರೆ ಏಣಿಯೇ ಇಲ್ಲ! ಇನ್ನು ದಿನಾ ರಾತ್ರಿ ಅವಳ ಜೊತೆ ಮರಳು ತೋಡಬೇಕು. ಬಿಟ್ಟರೆ ಮನೆ ಹೂತುಹೋಗುತ್ತದೆ.

ಇದನ್ನು ವಿಚಿತ್ರ ಕನಸಿನಂಥ ಸಿನಿಮಾ ಅನ್ನುತ್ತಾರೆ. ನನಗೇನೋ ಹಾಗೆ ಅನ್ನಿಸಲಿಲ್ಲ. ಮರಳು ತೇವ ಎಳೆದು ಮರವನ್ನೇ ಕೊಳೆಸುತ್ತದೆ ಅಂತ ಅವಳು ಹೇಳುತ್ತಾಳೆ. ಮರಳು ಅಂದ್ರೆ ಒಣಗಿದ್ದು ತಾನೇ ಅಂತ ಮೇಷ್ಟ್ರು ನಗುತ್ತಾನೆ. ನಾನು ನಗಲಿಲ್ಲ. ನಮ್ಮ ಮನೆಯ ಕಿಟಕಿ ಚೌಕಟ್ಟು ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ಅವನು ಊಟಕ್ಕೆ ಕೂತಾಗ ಅವಳು ತಟ್ಟೆಯ ಮೇಲೆ ಕೊಡೆ ಕಟ್ಟುತ್ತಾಳೆ, ಅನ್ನಕ್ಕೆ ಮರಳು ಬೀಳದಿರಲಿ ಅಂತ. ಅವಳಿಗೆ ಅದು ದೊಡ್ಡ ವಿಷಯವೇ ಅಲ್ಲ. ಹಂಚು ಸೋರುವಾಗ ನಾವು ಮಂಚ ಸರಿಸುತ್ತೇವಲ್ವಾ, ಹಾಗೆ. ಹಾಂ, ತೊರು ತಕೆಮಿತ್ಸು ಅವರ ಸಂಗೀತ ಕೇಳಿ. ಹಲ್ಲಿಗೆ ಮರಳು ಸಿಕ್ಕಿದ ಹಾಗಿದೆ.

ಬದುಕೋದಕ್ಕೆ ಮರಳು ತೋಡುತ್ತೀಯೋ, ಮರಳು ತೋಡೋದಕ್ಕೆ ಬದುಕುತ್ತೀಯೋ ಅಂತ ಅವನು ಕೇಳುತ್ತಾನೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಬೆಂಗಳೂರಿನ ನೆಂಟರು ಫೋನಿನಲ್ಲಿ ನಮ್ಮನ್ನು ಕೇಳಿದ್ದೂ ಹೆಚ್ಚುಕಮ್ಮಿ ಅದನ್ನೇ. ಇನ್ನೂ ಯಾಕೆ ಅಲ್ಲಿದ್ದೀರಿ? ಪ್ರೀತಿಯಿಂದಲೇ ಕೇಳಿದರು. ಉತ್ತರ ಕೊಡೋಕಾಗದೆ ಮಾತು ಬದಲಿಸಿದೆ. ಆ ಹೆಂಗಸಿನ ಗಂಡ, ಮಗಳು ಇಬ್ಬರೂ ಆ ಮರಳಿನಡಿಯಲ್ಲೇ ಇದ್ದಾರೆ.

ಕೊನೆ ಹೇಳಿಬಿಡುತ್ತೇನೆ. 60 ವರ್ಷ ಹಳೇ ಸಿನಿಮಾ, ಬೈಯಬೇಡಿ. ಕಾಗೆ ಹಿಡಿದು ಅದರ ಕಾಲಿಗೆ ಚೀಟಿ ಕಟ್ಟಬೇಕು ಅಂತ ಅವನು ಮರಳಿನಲ್ಲಿ ಬಕೆಟ್ ಹೂತಿರುತ್ತಾನೆ. ಕಾಗೆ ಬರುವುದಿಲ್ಲ. ಒಂದು ದಿನ ಮುಚ್ಚಳ ತೆಗೆದರೆ ತಳದಲ್ಲಿ ತಿಳಿ ನೀರು! ಮರಳೇ ಕೆಳಗಿನ ತೇವವನ್ನು ಮೇಲಕ್ಕೆ ಎಳೆದಿದೆ. ಆಮೇಲೆ ಏಣಿ ತೆಗೆಯಲು ಊರಿನವರು ಮರೆಯುತ್ತಾರೆ. ಅವನು ಹತ್ತಿ ಹೋಗಿ ಕಡಲು ನೋಡುತ್ತಾನೆ. ನೋಡಿ, ಮತ್ತೆ ಬಕೆಟ್ ಹತ್ತಿರ ಇಳಿದು ಬರುತ್ತಾನೆ.

ಅಷ್ಟು ಹೊತ್ತಿಗೆ ಕರೆಂಟು ಹೋಯಿತು. ಟಾರ್ಚ್ ಹಿಡಿದು ಅಟ್ಟ ಹತ್ತಿದೆ. ಸೋರುವ ಜಾಗದಲ್ಲಿಟ್ಟ ನಮ್ಮ ಬಕೆಟ್ಟೂ ತುಂಬಿತ್ತು. ಅಂಗಳಕ್ಕೆ ಚೆಲ್ಲಿ, ಮತ್ತೆ ಅಲ್ಲೇ ಇಟ್ಟು ಬಂದೆ.